ಪೆಟ್ರೋಲ್ ತುಂಬುವಾಗ ಕಿಡಿಗೆ ಎಡೆಯಿಲ್ಲದಂತೆ

ಪೆಟ್ರೋಲಿನಿಂದ ನಡೆಯುವ ಸಣ್ಣ ಎಂಜಿನ್‌ಗಳು ಕರ್ನಾಟಕದ ಹಳ್ಳಿಗಳಲ್ಲಿ ಈಗ ಸಾಮಾನ್ಯ. ಅಡಿಕೆ ತೋಟದ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಚೈನ್ ಸಾ, ಬೆನ್ನಿಗೆ ಹೊರುವ ಸಿಂಪರಣೆ ಯಂತ್ರ, ಹಳ್ಳದಿಂದ ನೀರೆತ್ತುವ ಪಂಪು, ಮದುವೆ ಚಪ್ಪರದ ಜನರೇಟರ್ ಎಲ್ಲವೂ ಈ ಸಾಲಿಗೆ ಸೇರುತ್ತವೆ. ಬೈಕು, ಕಾರುಗಳಂತೆ ಇವನ್ನು ಬಂಕಿಗೆ ಒಯ್ದು ಇಂಧನ ತುಂಬಿಸುವ ರೂಢಿಯಿಲ್ಲ. ಪೆಟ್ರೋಲ್ ಮೊದಲು ಬಂಕಿನಲ್ಲಿ ಕ್ಯಾನಿಗೆ ಇಳಿಯುತ್ತದೆ, ಆಮೇಲೆ ಕ್ಯಾನಿನಿಂದ ಯಂತ್ರದ ಟ್ಯಾಂಕಿಗೆ. ಹೀಗೆ ಎರಡು ಸಲ ತೆರೆದ ಗಾಳಿಯಲ್ಲಿ ಸುರಿಯುವಾಗಲೇ ಬೆಂಕಿಯ ಅಪಾಯ ಹೆಚ್ಚು. ಬೀಡಿ, ಬೆಂಕಿಕಡ್ಡಿ, ಕಾದ ಸೈಲೆನ್ಸರ್ ಅಪಾಯಕಾರಿ ಎಂಬುದು ಎಲ್ಲರಿಗೂ ಗೊತ್ತು. ಸುತ್ತ ಇವು ಯಾವುವೂ ಇಲ್ಲದಾಗಲೂ ಪೆಟ್ರೋಲ್ ಹೊತ್ತಿಕೊಳ್ಳಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದಕ್ಕೆ ಕಾರಣ ಸ್ಥಾಯೀ ವಿದ್ಯುತ್ತಿನ ಕಿಡಿ.

ಉರಿಯುವುದು ಪೆಟ್ರೋಲಿನ ಆವಿಯೇ ಹೊರತು ದ್ರವವಲ್ಲ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳಲು ಸಾಕಾಗುವಷ್ಟು ಆವಿ ಬಿಡುತ್ತದೆ. ಹಾಗಾಗಿ ನಮ್ಮ ಹವೆಯಲ್ಲಿ ಆವಿಯಿಲ್ಲದ ಪೆಟ್ರೋಲ್ ಕ್ಯಾನ್ ಎಂಬುದೇ ಇಲ್ಲ. ಗಾಳಿಯಲ್ಲಿ ಈ ಆವಿಯ ಪಾಲು ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ ಅದು ಉರಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಇಂಧನ ಸಾಲದು, ಹೆಚ್ಚಾದರೆ ಆಮ್ಲಜನಕ ಸಾಲದು. ತುಂಬಿದ ಕ್ಯಾನಿನೊಳಗೆ ಆವಿ ಸಾಮಾನ್ಯವಾಗಿ ಈ ಮಿತಿ ಮೀರಿ ದಟ್ಟವಾಗಿರುತ್ತದೆ. ಗಾಳಿಯೊಂದಿಗೆ ಬೆರೆತು ಅದು ಹದಕ್ಕೆ ಬರುವುದು ಕ್ಯಾನಿನ ಬಾಯಿಯ ಸುತ್ತ, ಅಂದರೆ ಸುರಿಯುವವರ ಕೈ ಇರುವ ಜಾಗದಲ್ಲೇ. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗಿ ಚದುರದೆ ನೆಲಕ್ಕಿಳಿದು, ತಗ್ಗಿನಲ್ಲಿ, ಜೀಪಿನ ತಳದಲ್ಲಿ, ಶೆಡ್ಡಿನ ಮೂಲೆಯಲ್ಲಿ ನಿಲ್ಲುತ್ತದೆ. ಡೀಸೆಲ್ ನಮ್ಮ ಸಾಮಾನ್ಯ ಹವೆಯಲ್ಲಿ ಹೀಗೆ ಆವಿ ಬಿಡುವುದಿಲ್ಲ. ವರ್ಷಗಟ್ಟಲೆ ಡೀಸೆಲ್ ಪಂಪು, ಟಿಲ್ಲರ್ ನಡೆಸಿದ ಕೈಗಳು ಅದೇ ಸಲಿಗೆಯಲ್ಲಿ ಪೆಟ್ರೋಲ್ ಯಂತ್ರವನ್ನೂ ಮುಟ್ಟುವುದು ಆತಂಕದ ವಿಷಯ.

ಹದಕ್ಕೆ ಬಂದ ಆವಿಯನ್ನು ಹೊತ್ತಿಸಲು ಬೇಕಾದ ಶಕ್ತಿ ತೀರ ಕಡಿಮೆ, ಸುಮಾರು 0.2 ಮಿಲಿಜೌಲ್. ಮನುಷ್ಯನ ಮೈ ಇದಕ್ಕಿಂತ ಎಷ್ಟೋ ಪಟ್ಟು ಶಕ್ತಿಯನ್ನು ತನಗೇ ಅರಿವಿಲ್ಲದೆ ಹೊತ್ತು ತಿರುಗಬಲ್ಲದು.

ಎರಡು ವಸ್ತುಗಳು ಒಂದಕ್ಕೊಂದು ತಾಗಿ ಬೇರೆಯಾದಾಗ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್‌ಗಳು ದಾಟುತ್ತವೆ. ಒಂದು ಧನಾವೇಶ ಪಡೆಯುತ್ತದೆ, ಇನ್ನೊಂದು ಋಣಾವೇಶ. ಉಜ್ಜಿದರೆ ತಾಗುವ ಜಾಗ ಹೆಚ್ಚಾಗಿ ಆವೇಶವೂ ಹೆಚ್ಚುತ್ತದೆ. ಲೋಹ, ಒದ್ದೆ ಮಣ್ಣು, ಬರಿಗಾಲು ವಾಹಕಗಳಾದ್ದರಿಂದ ಅವುಗಳ ಮೂಲಕ ಆವೇಶ ಹರಿದು ನೆಲ ಸೇರುತ್ತದೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಪಾಲಿಯೆಸ್ಟರ್ ಅವಾಹಕಗಳು. ಅವುಗಳ ಮೇಲೆ ಕೂತ ಆವೇಶಕ್ಕೆ ಹರಿಯಲು ದಾರಿಯಿಲ್ಲ, ಅದು ಅಲ್ಲೇ ನಿಲ್ಲುತ್ತದೆ. ಇದೇ ಸ್ಥಾಯೀ ವಿದ್ಯುತ್ತು. ರಬ್ಬರ್ ಚಪ್ಪಲಿ ತೊಟ್ಟವರು ಕಾರಿನ ಸಿಂಥೆಟಿಕ್ ಸೀಟಿನಿಂದ ಸರಿದು ಕೆಳಗಿಳಿದರೆ, ಒಣ ಹವೆಯಲ್ಲಿ ಅವರ ಮೈ ಐದು ಸಾವಿರ ವೋಲ್ಟ್ ಮುಟ್ಟುವುದು ಅಸಹಜವಲ್ಲ, ಹತ್ತು ಸಾವಿರ ದಾಟುವುದೂ ಉಂಟು. ವೋಲ್ಟೇಜ್ ದೊಡ್ಡದಾದರೂ ಆವೇಶದ ಮೊತ್ತ ಚಿಕ್ಕದು, ಆದ್ದರಿಂದ ಮೈಗೆ ಪೆಟ್ಟಾಗುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ವಿಷಯದ ಗಂಭೀರತೆ ತಿಳಿಯುತ್ತದೆ. ಮೈಯ ವಿದ್ಯುತ್ ಧಾರಣ ಸಾಮರ್ಥ್ಯ ಸುಮಾರು 200 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ, ಐದು ಸಾವಿರ ವೋಲ್ಟಿನಲ್ಲಿ ಅಡಗಿರುವ ಶಕ್ತಿ 2.5 ಮಿಲಿಜೌಲ್. ಪೆಟ್ರೋಲ್ ಆವಿಗೆ ಬೇಕಾದುದರ ಹತ್ತು ಪಟ್ಟಿಗೂ ಹೆಚ್ಚು. ಎರಡು ಸಾವಿರ ವೋಲ್ಟಿನಲ್ಲಿ 0.4 ಮಿಲಿಜೌಲ್, ಅದೂ ಸಾಕು. ಬೆರಳ ತುದಿಗೆ ಚುರುಕ್ ಎನ್ನಿಸುವುದು ಎರಡು ಮೂರು ಸಾವಿರ ವೋಲ್ಟ್ ದಾಟಿದ ಮೇಲೆ. ಎಂದರೆ ಕೈಗೆ ಗೊತ್ತೇ ಆಗದ ಕಿಡಿಯೂ ಬೆಂಕಿ ಹೊತ್ತಿಸಬಲ್ಲದು.

ಮೈಯಲ್ಲಷ್ಟೇ ಅಲ್ಲ, ಹರಿಯುವ ಪೆಟ್ರೋಲಿನಲ್ಲೂ ಆವೇಶ ಹುಟ್ಟುತ್ತದೆ. ಕೊಳವೆಯ ಗೋಡೆ ಸವರುತ್ತ ಹರಿಯುವ ದ್ರವ ಒಂದು ಬಗೆಯ ಆವೇಶವನ್ನು ತನ್ನೊಂದಿಗೆ ಕೊಂಡೊಯ್ಯುತ್ತದೆ. ರಭಸ ಹೆಚ್ಚಿದಷ್ಟೂ ಆವೇಶ ಹೆಚ್ಚು. ಎತ್ತರದಿಂದ ಸುರಿದು ಚಿಮ್ಮಿಸಿದರೆ ಇನ್ನೂ ಹೆಚ್ಚು, ಸಣ್ಣ ರಂಧ್ರಗಳ ಸೋಸುಕದ ಮೂಲಕ ಹಾಯಿಸಿದರೆ ಮತ್ತೂ ಹೆಚ್ಚು. ಎಥೆನಾಲ್ ಬೆರೆಯದ ಶುದ್ಧ ಪೆಟ್ರೋಲ್ ವಿದ್ಯುತ್ತನ್ನು ಬಹಳ ನಿಧಾನವಾಗಿ ಹರಿಯಬಿಡುವುದರಿಂದ, ಅದರಲ್ಲಿ ಸೇರಿದ ಆವೇಶ ಕರಗಲು ಹಲವು ಸೆಕೆಂಡುಗಳು ಬೇಕು. ಭಾರತದಲ್ಲಿ ಈಗ ಪೆಟ್ರೋಲಿಗೆ ಶೇ. 20ರವರೆಗೆ ಎಥೆನಾಲ್ ಬೆರೆಸಲಾಗುತ್ತಿದೆ. ಎಥೆನಾಲ್ ಪೆಟ್ರೋಲಿಗಿಂತ ಒಳ್ಳೆಯ ವಾಹಕವಾದ್ದರಿಂದ ಇಂಥ ಇಂಧನದಲ್ಲಿ ಆವೇಶ ಬೇಗ ಚದುರುತ್ತದೆ, ಇದು ಒಂದು ಅನುಕೂಲ. ಆದರೆ ನೆಲಕ್ಕೆ ಹೋಗುವ ದಾರಿ ತೆರೆದಿದ್ದಾಗ ಮಾತ್ರ ಅದು ಉಪಯೋಗಕ್ಕೆ ಬಂದೀತು. ಸುರಿಯುವವರ ಮೈಯಲ್ಲಿ ಅಥವಾ ಪ್ಲಾಸ್ಟಿಕ್ ಕ್ಯಾನಿನ ಹೊರಮೈಯಲ್ಲಿ ಕೂತ ಆವೇಶಕ್ಕೆ ಎಥೆನಾಲ್ ಏನನ್ನೂ ಮಾಡದು.

ಚಿಮ್ಮುವ ದ್ರವಗಳಲ್ಲಿ ಆವೇಶ ಹುಟ್ಟುತ್ತದೆಂಬುದನ್ನು ತೈಲ ಉದ್ಯಮ ಕಲಿತದ್ದು ಭಾರೀ ಬೆಲೆ ತೆತ್ತು. 1969ರ ಡಿಸೆಂಬರಿನಲ್ಲಿ ಮಾರ್ಪೆಸಾ, ಮಾಕ್ಟ್ರಾ, ಕಾಂಗ್ ಹಾಕೋನ್ 7 ಎಂಬ ಮೂರು ಬೃಹತ್ ತೈಲ ಹಡಗುಗಳು ಕೆಲವೇ ವಾರಗಳ ಅಂತರದಲ್ಲಿ ಸ್ಫೋಟಕ್ಕೆ ಸಿಕ್ಕವು. ಮಾರ್ಪೆಸಾ ಮುಳುಗಿಯೇ ಹೋಯಿತು. ಮೂರರಲ್ಲೂ ಆಗ ನಡೆಯುತ್ತಿದ್ದುದು ಖಾಲಿ ಟ್ಯಾಂಕುಗಳನ್ನು ರಭಸದ ನೀರಿನಿಂದ ತೊಳೆಯುವ ಕೆಲಸ. ಚಿಮ್ಮುವ ನೀರಿನ ಹನಿಗಳು ಹುಟ್ಟಿಸಿದ ಆವೇಶವೇ ಕಿಡಿಗೆ ಕಾರಣವಾಗಿರಬೇಕೆಂದು ತಜ್ಞರು ಕಂಡುಕೊಂಡರು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಗಾಳಿಯೊಂದಿಗೆ ಹದವಾಗಿ ಬೆರೆತಿರಬಹುದು. ಮನೆಯ ಮೂಲೆಯಲ್ಲಿರುವ, ತಳದಲ್ಲಿ ಒಂದಿಷ್ಟೇ ಪೆಟ್ರೋಲ್ ಉಳಿದ ಕ್ಯಾನಿನ ವಿಷಯವೂ ಇದೇ. ತುಂಬಿದ ಕ್ಯಾನಿಗಿಂತ ಬಹುಪಾಲು ಖಾಲಿಯಾದ ಕ್ಯಾನೇ ಸ್ಫೋಟದ ಮಟ್ಟಿಗೆ ಹೆಚ್ಚು ಅಪಾಯಕಾರಿ.

ಹವೆಯ ತೇವ ಈ ಲೆಕ್ಕವನ್ನು ಬದಲಿಸುತ್ತದೆ. ತೇವವಿದ್ದರೆ ವಸ್ತುಗಳ ಮೈಮೇಲೆ ನೀರಿನ ತೆಳುಪೊರೆ ಕೂತು ಆವೇಶ ಸೋರಿಹೋಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಸ್ಥಾಯೀ ವಿದ್ಯುತ್ತಿನ ಕಾಟ ಕಡಿಮೆ ಇರುವುದು ಇದರಿಂದಲೇ. ಮಳೆ ನಿಂತು ತೋಟದ ಕಳೆ ಕೊಚ್ಚುವ ಕೆಲಸ ನಡೆಯುತ್ತ ಚಳಿಗಾಲ ಕಾಲಿಟ್ಟಂತೆ ಹವೆ ಒಣಗುತ್ತದೆ. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಜನವರಿಯಿಂದ ಬೇಸಿಗೆಯವರೆಗೆ ಒಣಹವೆ ತೀವ್ರ. ಸ್ವೆಟರ್ ಕಳಚುವಾಗ ಚಟಚಟ ಸದ್ದು ಕೇಳಿಸುವ ದಿನ ಪೆಟ್ರೋಲ್ ಸುರಿಯುವಾಗಲೂ ಅಷ್ಟೇ ಎಚ್ಚರ ಬೇಕು. ಮಳೆಗಾಲದಲ್ಲಿ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆದ್ದರಿಂದ ಕಾಲ ನೋಡಿ ಕ್ರಮ ಬದಲಿಸದೆ ವರ್ಷವಿಡೀ ಒಂದೇ ಅಭ್ಯಾಸ ಇಟ್ಟುಕೊಳ್ಳುವುದು ಮೇಲು.

ಆವೇಶ ಹುಟ್ಟುವುದನ್ನು ಪೂರ್ತಿ ತಡೆಯುವುದು ಸಾಧ್ಯವಿಲ್ಲ. ಆದರೆ ಬರಿಯ ಆವೇಶ ಬೆಂಕಿ ಹಚ್ಚದು. ಬೇರೆ ಬೇರೆ ಮಟ್ಟದ ಆವೇಶವಿರುವ ಎರಡು ವಸ್ತುಗಳ ನಡುವೆ ಕಿರಿದಾದ ಅಂತರ ಇರಬೇಕು, ಆ ಅಂತರದಲ್ಲಿ ಆವಿ ಇರಬೇಕು, ಆಗಲೇ ಹಾರಿದ ಕಿಡಿ ಬೆಂಕಿಯಾಗುವುದು. ಎರಡೂ ಒಂದನ್ನೊಂದು ತಾಗಿಕೊಂಡೇ ಇದ್ದರೆ ಕಿಡಿ ಹಾರಲು ಎಡೆಯೇ ಇಲ್ಲ. ಮುಂದೆ ಹೇಳಿರುವ ಎಚ್ಚರಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಈ ಒಂದು ತತ್ವದಿಂದ: ಆವಿ ಏಳುವ ಮೊದಲೇ, ಆವಿಯಿಂದ ದೂರದಲ್ಲೇ ಲೋಹ ಮುಟ್ಟಿ ಆವೇಶ ಕಳೆಯಬೇಕು, ಸುರಿದು ಮುಗಿಯುವವರೆಗೆ ಆ ಸಂಪರ್ಕ ತಪ್ಪಬಾರದು.

ಬಂಕಿನಲ್ಲಿ

ಮೊದಲ ಪ್ರಶ್ನೆ ಕ್ಯಾನಿನದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟದ ಉದ್ದೇಶವಿಲ್ಲದೆ ಸ್ವಂತ ಬಳಕೆಗೆ 30 ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಹಾಗೆ ಇಡುವ ಪಾತ್ರೆ ಗಾಜು, ಪಿಂಗಾಣಿ ಅಥವಾ ಲೋಹದ್ದಾಗಿ, ಭದ್ರವಾದ ಮುಚ್ಚಳ ಹೊಂದಿರಬೇಕು. ಗಾಜು, ಪಿಂಗಾಣಿಯಾದರೆ ಒಂದು ಲೀಟರ್, ಲೋಹವಾದರೆ 25 ಲೀಟರ್ ಮೀರುವಂತಿಲ್ಲ. ಈ ಪಟ್ಟಿಯಲ್ಲಿ ಪ್ಲಾಸ್ಟಿಕ್ ಇಲ್ಲ. ಆದರೂ ಹಳ್ಳಿ ಪೇಟೆಗಳಲ್ಲಿ ಪೆಟ್ರೋಲ್ ತರಲು ಬಳಕೆಯಾಗುವುದು ಹೆಚ್ಚಾಗಿ ಅಡುಗೆ ಎಣ್ಣೆಯ ಹಳೆಯ ಕ್ಯಾನು, ತಂಪು ಪಾನೀಯದ ಬಾಟಲಿ. ಪೆಟ್ಟಿಗೆ ಅಂಗಡಿಗಳಲ್ಲಿ ಬಾಟಲಿಗೆ ತುಂಬಿ ಮಾರುವುದೂ ಇದೆ. ಇದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ವಿಜ್ಞಾನದ ದೃಷ್ಟಿಯಿಂದಲೂ ತಪ್ಪು. ಸ್ಕೂಟರಿನ ಮುಂದೆ ಪ್ಯಾಂಟಿಗೆ ಉಜ್ಜುತ್ತ ಬಂದ ಪ್ಲಾಸ್ಟಿಕ್ ಕ್ಯಾನು ಬಂಕು ತಲುಪುವ ಹೊತ್ತಿಗೇ ಆವೇಶ ಹೊತ್ತಿರುತ್ತದೆ, ನೆಲದ ಮೇಲಿಟ್ಟರೂ ಅದು ಇಳಿಯುವುದಿಲ್ಲ. ಧೂಳು ಹೋಗಲೆಂದು ಒಣಬಟ್ಟೆಯಿಂದ ತಿಕ್ಕಿದರೆ ಆವೇಶ ಇನ್ನಷ್ಟು ಹೆಚ್ಚುತ್ತದೆ. ಐದು ಲೀಟರಿನ, ತಿರುಪು ಮುಚ್ಚಳದ ಒಂದು ಲೋಹದ ಕ್ಯಾನು ಕೊಂಡರೆ ಬಹುಕಾಲ ಬಾಳುತ್ತದೆ. ಇಡೀ ವಿಷಯದಲ್ಲಿ ಒಂದೇ ಒಂದು ಬದಲಾವಣೆ ಮಾಡಲು ಮನಸ್ಸಿದ್ದವರು ಇದನ್ನೇ ಮಾಡಬೇಕು.

ಎರಡನೆಯದು ಕ್ಯಾನು ಇಡುವ ಜಾಗ. ವಾಹನದಲ್ಲಿಟ್ಟೇ ತುಂಬಿಸಬಾರದು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1998ರಲ್ಲಿ ಇದೇ ವಿಷಯಕ್ಕೆ ಎಚ್ಚರಿಕೆ ಹೊರಡಿಸಿತು. ಪಿಕ್ಅಪ್ ವಾಹನಗಳ ಹಿಂಬದಿಯ ಪ್ಲಾಸ್ಟಿಕ್ ಹಾಸಿನ ಮೇಲೆ, ಕಾರಿನೊಳಗಿನ ಕಾರ್ಪೆಟ್ ಮೇಲೆ ಕ್ಯಾನಿಟ್ಟು ಪೆಟ್ರೋಲ್ ತುಂಬುವಾಗ ಬೆಂಕಿ ಹತ್ತಿದ ಪ್ರಕರಣಗಳು ಅದರ ಗಮನಕ್ಕೆ ಬಂದಿದ್ದವು. ಪ್ಲಾಸ್ಟಿಕ್ ಹಾಸು ನೆಲದ ಸಂಪರ್ಕ ಕಡಿದುಬಿಡುತ್ತದೆ, ಲೋಹದ ಕ್ಯಾನೂ ಆವೇಶ ತುಂಬಿಕೊಂಡು ನಿಲ್ಲುತ್ತದೆ. ನಾಜಲ್ ಹತ್ತಿರ ಬಂದಾಗ ಆ ಆವೇಶವೆಲ್ಲ ಒಂದೇ ಕಿಡಿಯಾಗಿ ಹಾರುತ್ತದೆ. ಹೀಗೆ ನೆಲದಿಂದ ಬೇರ್ಪಟ್ಟ ಲೋಹ ಪ್ಲಾಸ್ಟಿಕ್ಕಿಗಿಂತಲೂ ಕೆಟ್ಟದ್ದು, ಏಕೆಂದರೆ ಪ್ಲಾಸ್ಟಿಕ್ ತನ್ನ ಆವೇಶವನ್ನು ಚೂರುಚೂರಾಗಿ ಬಿಡುತ್ತದೆ, ಲೋಹ ಒಮ್ಮೆಲೇ ಬಿಡುತ್ತದೆ. ನಮ್ಮಲ್ಲಿ ಗೂಡ್ಸ್ ಆಟೋದ ಹಿಂಬದಿಯ ರಬ್ಬರ್ ಹಾಸು, ಸ್ಕೂಟರಿನ ಕಾಲಿಡುವ ಜಾಗದ ಮ್ಯಾಟು, ಕ್ಯಾನಿಗೆ ಸುತ್ತಿದ ಪಾಲಿಥಿನ್ ಚೀಲ ಮಾಡುವುದೂ ಇದನ್ನೇ. ಕ್ಯಾನನ್ನು ಇಳಿಸಿ, ಚೀಲದಿಂದ ತೆಗೆದು, ಬಂಕಿನ ಕಾಂಕ್ರೀಟ್ ನೆಲದ ಮೇಲೆ ಇಡಬೇಕು.

ಆಮೇಲೆ ಮುಚ್ಚಳ ತೆರೆಯುವ ಮೊದಲು ಬರಿಗೈಯಿಂದ ವಾಹನದ ಅಥವಾ ಬಂಕಿನ ಯಾವುದಾದರೂ ಲೋಹದ ಭಾಗ ಮುಟ್ಟಬೇಕು. ಬಂಕಿನ ನಾಜಲ್ ಸ್ವತಃ ಭೂಸಂಪರ್ಕ ಹೊಂದಿದೆ. ಅದರ ಹೋಸಿನಲ್ಲಿ ವಿದ್ಯುತ್ ಹರಿದುಹೋಗುವ ವ್ಯವಸ್ಥೆ ಇರುತ್ತದೆ. ಆದ್ದರಿಂದ ನಾಜಲಿನ ಲೋಹ ಕ್ಯಾನಿನ ಲೋಹದ ಬಾಯಿಗೆ ತಾಗಿಕೊಂಡೇ ಇರುವಂತೆ ಕೇಳಿಕೊಳ್ಳಬೇಕು. ಗಾಳಿಯಲ್ಲಿ ಎತ್ತಿ ಹಿಡಿದು ಧಾರೆ ಬಿಡಲು ಅವಕಾಶ ಕೊಡಬಾರದು. ನಿಧಾನವಾಗಿ ತುಂಬಬೇಕು, ಮೊದಲ ಅರ್ಧ ಲೀಟರಂತೂ ಇನ್ನೂ ನಿಧಾನ. ಪೆಟ್ರೋಲ್ ಬಿಸಿಗೆ ಹಿಗ್ಗುವುದರಿಂದ ಕ್ಯಾನಿನಲ್ಲಿ ಇಪ್ಪತ್ತನೇ ಒಂದು ಭಾಗದಷ್ಟಾದರೂ ಜಾಗ ಬಿಡಬೇಕು. ನಾಜಲ್ ತೆಗೆಯುವ ಮೊದಲು ಒಂದು ಕ್ಷಣ ಹಾಗೇ ಬಿಟ್ಟರೆ ಉಳಿದ ಆವೇಶವೂ ಹರಿದುಹೋಗುತ್ತದೆ.

ವಾಹನ ಸವಾರರಿಗೂ ಇಲ್ಲಿ ಒಂದು ಪಾಠವಿದೆ. ಅಮೆರಿಕದ ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಬಂಕುಗಳಲ್ಲಿ ಸ್ಥಾಯೀ ವಿದ್ಯುತ್ತಿನಿಂದ ಹತ್ತಿದ ಬೆಂಕಿಯ ಪ್ರಕರಣಗಳನ್ನು ಕಲೆಹಾಕಿತು. ಅವುಗಳಲ್ಲಿ ಪದೇ ಪದೇ ಕಂಡದ್ದು ಒಂದೇ ನಡವಳಿಕೆ: ಚಾಲಕ ತಾನೇ ನಾಜಲ್ ಸಿಕ್ಕಿಸಿ, ಪೆಟ್ರೋಲ್ ತುಂಬುತ್ತಿರುವಾಗ ಕಾರಿನೊಳಗೆ ಹೋಗಿ ಕೂತು, ಮತ್ತೆ ಹೊರಬಂದು ನೇರವಾಗಿ ನಾಜಲಿಗೆ ಕೈಹಾಕುವುದು. ಸೀಟಿನಿಂದ ಎದ್ದಾಗ ಸೇರಿದ ಆವೇಶ ಆವಿಯ ನಡುವೆ ಕಿಡಿಯಾಗುತ್ತದೆ. ಭಾರತದಲ್ಲಿ ನಾಜಲ್ ಹಿಡಿಯುವುದು ಬಂಕಿನ ಸಿಬ್ಬಂದಿ, ಆದ್ದರಿಂದ ಈ ಬಗೆಯ ಬೆಂಕಿ ಇಲ್ಲಿ ಕಡಿಮೆ. ಅಮೆರಿಕದಂಥ ದೇಶಗಳಿಗೆ ಹೋಗಿ ಸ್ವಯಂಸೇವೆಯ ಬಂಕುಗಳನ್ನು ಬಳಸುವ ಕನ್ನಡಿಗರು ಮಾತ್ರ ಇದನ್ನು ನೆನಪಿಡಬೇಕು. ಅದೇ ಸಂಸ್ಥೆಗೆ ಮೊಬೈಲ್ ಫೋನಿನಿಂದಲೇ ಹತ್ತಿತೆಂದು ದೃಢಪಟ್ಟ ಬೆಂಕಿ ಒಂದೂ ಸಿಗಲಿಲ್ಲ. ಹಾಗೆಂದು ಬಂಕಿನಲ್ಲಿ ಫೋನ್ ಬಳಸಬಾರದೆಂಬ ಸೂಚನೆಯನ್ನು ಮೀರಬೇಕಿಲ್ಲ, ಸುರಿಯುವಾಗ ಗಮನ ಬೇರೆಡೆ ಹೋಗದಿರುವುದೂ ಸುರಕ್ಷತೆಯೇ. ಆದರೆ ಫೋನಿಗೆ ಹೆದರಿ, ಪ್ಲಾಸ್ಟಿಕ್ ಬಾಟಲಿಗೆ ಹೆದರದಿರುವುದು ಸರಿಯಲ್ಲ.

ತೋಟದಲ್ಲಿ, ಹೊಲದಲ್ಲಿ

ಮನೆಗೆ ತರುವಾಗ ಕ್ಯಾನು ನೆಟ್ಟಗೆ ನಿಂತಿರಬೇಕು, ಬಿಸಿಲಿಗೆ ಬೀಳಬಾರದು, ಮುಚ್ಚಿದ ಕಾರಿನೊಳಗೆ ಹೆಚ್ಚು ಹೊತ್ತು ಇರಬಾರದು. ಬಸ್ಸು, ರೈಲಿನಲ್ಲಿ ಒಯ್ಯುವ ಮಾತೇ ಇಲ್ಲ.

ಸಣ್ಣ ಯಂತ್ರಗಳ ಮಟ್ಟಿಗೆ ಮೊದಲ ಶತ್ರು ಕಾದ ಸೈಲೆನ್ಸರ್, ಎರಡನೆಯದು ಸ್ಥಾಯೀ ಕಿಡಿ. ಅದೃಷ್ಟವಶಾತ್ ಎರಡಕ್ಕೂ ಮದ್ದು ಒಂದೇ ಕ್ರಮದಲ್ಲಿ ಸೇರಿಕೊಂಡಿದೆ. ಎಂಜಿನ್ ನಿಲ್ಲಿಸಿ, ಕೈಯಿಡಬಹುದಾದಷ್ಟು ಆರುವವರೆಗೆ ಕಾಯಬೇಕು. ಯಂತ್ರವನ್ನು ಹೆಗಲಿನಿಂದ, ಬೆನ್ನಿನಿಂದ ಇಳಿಸಿ, ಹುಲ್ಲು ತರಗೆಲೆಯಿಲ್ಲದ ಬರಿ ಮಣ್ಣಿನ ಮೇಲೆ ಇಡಬೇಕು. ಟಾರ್ಪಾಲಿನ್, ರಬ್ಬರ್ ಹಾಸು, ಟೆಂಪೋದ ಹಿಂಬದಿ ಬೇಡ. ಸಿಂಪರಣೆ ಯಂತ್ರವನ್ನು ಬೆನ್ನಿನಲ್ಲಿ ಹೊತ್ತವರು ನಿಂತೇ ಇದ್ದು, ಹಿಂದಿನಿಂದ ಇನ್ನೊಬ್ಬರು ಪೆಟ್ರೋಲ್ ಸುರಿಯುವ ಪದ್ಧತಿ ಕೆಲವೆಡೆ ಇದೆ. ಚೆಲ್ಲಿದ ಪೆಟ್ರೋಲ್ ಬಟ್ಟೆಗಿಳಿದರೆ ಯಂತ್ರ ಕಳಚುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಷ್ಟೇ ಅವಸರವಿದ್ದರೂ ಇದನ್ನು ಮಾಡಬಾರದು.

ಕಳೆ ಕೊಚ್ಚುವ ಯಂತ್ರ, ಚೈನ್ ಸಾಗಳ ಟ್ಯಾಂಕು ಬಹುತೇಕ ಪ್ಲಾಸ್ಟಿಕ್‌ನದು. ಅದನ್ನು ಬದಲಿಸಲಾಗದು, ಆದರೆ ಸುತ್ತಲಿನ ಲೋಹವನ್ನು ಬಳಸಿಕೊಳ್ಳಬಹುದು. ಮುಚ್ಚಳ ತೆರೆಯುವ ಮುನ್ನ ಒಂದು ಕೈಯಿಂದ ಯಂತ್ರದ ಲೋಹದ ದಂಡವನ್ನೋ ಎಂಜಿನ್ನಿನ ಲೋಹವನ್ನೋ ಮುಟ್ಟಬೇಕು, ಇನ್ನೊಂದು ಕೈಯಿಂದ ಕ್ಯಾನು ಮುಟ್ಟಬೇಕು. ಆಗ ಮೈ, ಯಂತ್ರ, ಕ್ಯಾನು ಮೂರೂ ಒಂದೇ ಮಟ್ಟಕ್ಕೆ ಬರುತ್ತವೆ. ರಬ್ಬರ್ ಚಪ್ಪಲಿ ಬಿಟ್ಟು ಒದ್ದೆ ಮಣ್ಣಿನ ಮೇಲೆ ಬರಿಗಾಲಲ್ಲಿ ಒಂದು ಕ್ಷಣ ನಿಂತರೆ ಮೈಯ ಆವೇಶವೂ ನೆಲ ಸೇರುತ್ತದೆ. ಸುರಿಯುವಾಗ ಕ್ಯಾನಿನ ಮೂತಿ ಅಥವಾ ಆಲಿಕೆ ಟ್ಯಾಂಕಿನ ಬಾಯಿಗೆ ತಾಗಿಯೇ ಇರಬೇಕು. ಪ್ಲಾಸ್ಟಿಕ್ ಟ್ಯಾಂಕಿನ ಬಾಯಲ್ಲಿ ಲೋಹದ ಆಲಿಕೆಯನ್ನು ಕೈಬಿಟ್ಟು ನಿಲ್ಲಿಸುವುದು ತಪ್ಪು. ಅದು ನೆಲದಿಂದ ಬೇರ್ಪಟ್ಟ ಲೋಹವಾಗಿ ಆವೇಶ ಕೂಡಿಡುತ್ತದೆ. ಕೈಯಲ್ಲಿ ಹಿಡಿದೇ ಇದ್ದು, ಲೋಹದ ಕ್ಯಾನನ್ನು ಅದಕ್ಕೆ ತಾಗಿಸಿ ಸುರಿದರೆ ತೊಂದರೆಯಿಲ್ಲ.

ಕಸ ತಡೆಯಲು ಆಲಿಕೆಗೆ ಪಾಲಿಯೆಸ್ಟರ್ ಬಟ್ಟೆ ಕಟ್ಟಿ ಸೋಸುವ ರೂಢಿಯನ್ನೂ ಬಿಡಬೇಕು. ಪೆಟ್ರೋಲ್ ಅದರ ಎಳೆಗಳ ನಡುವೆ ನುಸುಳುತ್ತ ಆವೇಶ ಹೆಚ್ಚಿಸಿಕೊಳ್ಳುತ್ತದೆ. ಲೋಹದ ಜಾಲರಿಯ ಆಲಿಕೆ ಇದಕ್ಕಿಂತ ವಾಸಿ. ಬೈಕಿನ ಟ್ಯಾಂಕಿನಿಂದ ಪೈಪು ಹಾಕಿ ಬಾಯಿಂದ ಎಳೆಯುವುದರಲ್ಲಿ ಕಿಡಿಗಿಂತ ದೊಡ್ಡ ಅಪಾಯ ಬೇರೆಯಿದೆ. ಶ್ವಾಸಕೋಶಕ್ಕೆ ಸೇರಿದ ಸ್ವಲ್ಪ ಪೆಟ್ರೋಲೂ ಪ್ರಾಣಕ್ಕೆ ಎರವಾಗಬಹುದು.

ಟೂ ಸ್ಟ್ರೋಕ್ ಎಂಜಿನ್‌ಗಳಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕಾಗುತ್ತದೆ. ಪ್ರಮಾಣ ಯಂತ್ರದ ಕೈಪಿಡಿಯಲ್ಲಿರುತ್ತದೆ. ಬೆರೆಸುವ ಕೆಲಸವೂ ಲೋಹದ ಕ್ಯಾನಿನಲ್ಲೇ, ನೆಲದ ಮೇಲೇ ಆಗಬೇಕು. ಮುಚ್ಚಳ ಬಿಗಿದು ಕುಲುಕಿದ ಮೇಲೆ ಅರ್ಧ ನಿಮಿಷ ಹಾಗೇ ಬಿಟ್ಟು, ಒಳಗಿನ ಒತ್ತಡ ಮೆಲ್ಲಗೆ ಹೊರಹೋಗುವಂತೆ ಮುಚ್ಚಳ ಸಡಿಲಿಸಬೇಕು.

ಜನರೇಟರಿನ ಟ್ಯಾಂಕು ಸಾಮಾನ್ಯವಾಗಿ ಲೋಹದ್ದು, ಆದರೆ ಯಂತ್ರ ನಿಂತಿರುವುದು ರಬ್ಬರ್ ಪಾದಗಳ ಮೇಲೆ. ಅದರ ಮೈಮೇಲಿರುವ ಅರ್ತ್ ತಿರುಪಿನಿಂದ ನೆಲಕ್ಕೆ ಹೂತ ಸರಳಿಗೆ ತಂತಿ ಎಳೆದರೆ ವಿದ್ಯುದಾಘಾತದಿಂದಲೂ ಸ್ಥಾಯೀ ಆವೇಶದಿಂದಲೂ ರಕ್ಷಣೆ ಸಿಗುತ್ತದೆ. ದೀಪ ಆರೀತೆಂಬ ಅಂಜಿಕೆಯಿಂದ ಓಡುತ್ತಿರುವ ಜನರೇಟರಿಗೇ ಪೆಟ್ರೋಲ್ ಸುರಿಯುವುದು ಮದುವೆ ಚಪ್ಪರ, ಗಣೇಶನ ಪೆಂಡಾಲುಗಳಲ್ಲಿ ನಡೆಯುತ್ತಲೇ ಇದೆ. ನೂರಾರು ಜನ ಸೇರಿದ ಕಡೆ ಇದಕ್ಕಿಂತ ಹೊಣೆಗೇಡಿ ಕೆಲಸ ಇನ್ನೊಂದಿಲ್ಲ. ಕಾರ್ಯಕ್ರಮ ಶುರುವಾಗುವ ಮೊದಲೇ ಟ್ಯಾಂಕು ತುಂಬಿಸಿಡಬೇಕು, ಸಾಲದಿದ್ದರೆ ಹತ್ತು ಹದಿನೈದು ನಿಮಿಷದ ಕತ್ತಲನ್ನು ಸಹಿಸಬೇಕು.

ತುಂಬಿದ ಮೇಲೆ ಎರಡೂ ಮುಚ್ಚಳ ಬಿಗಿದು, ಚೆಲ್ಲಿದ್ದನ್ನು ಹತ್ತಿಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬಯಲಿನಲ್ಲಿ ಆರಲು ಹಾಕಬೇಕು. ಯಂತ್ರವನ್ನು ಅಲ್ಲೇ ಚಾಲೂ ಮಾಡದೆ ಕನಿಷ್ಠ ಮೂರು ಮೀಟರ್ ದೂರ ಒಯ್ದು ಹಗ್ಗ ಎಳೆಯಬೇಕು. ಈ ಕೆಲಸಕ್ಕೆ ಹತ್ತಿಯ ಉಡುಪೇ ಒಳ್ಳೆಯದು. ನೈಲಾನ್ ಜರ್ಕಿನ್ ತೊಟ್ಟಿದ್ದರೆ ತೆರೆದ ಕ್ಯಾನಿನ ಹತ್ತಿರ ಅದನ್ನು ಕಳಚಬಾರದು, ಆವೇಶ ಹೆಚ್ಚು ಹುಟ್ಟುವುದು ಕಳಚುವ ಕ್ಷಣದಲ್ಲೇ.

ಬೆಂಕಿ ಹತ್ತಿದರೆ

ಬಂಕಿನಲ್ಲಿ ಟ್ಯಾಂಕಿನ ಬಾಯಿಗೆ ಬೆಂಕಿ ಹತ್ತಿದರೆ ನಾಜಲನ್ನು ಹೊರಗೆಳೆಯಬಾರದು. ಎಳೆದರೆ ಉರಿಯುವ ಪೆಟ್ರೋಲ್ ಸುತ್ತ ಚೆಲ್ಲಿ, ಮೊದಲು ಸುಡುವುದು ಎಳೆದವರನ್ನೇ. ಅದನ್ನು ಅಲ್ಲೇ ಬಿಟ್ಟು ದೂರ ಸರಿದು, ಸಿಬ್ಬಂದಿಗೆ ಕೂಗಿ ಹೇಳಿ ತುರ್ತು ಸ್ವಿಚ್ಚಿನಿಂದ ಪಂಪು ನಿಲ್ಲಿಸಬೇಕು. ಕೈಯಲ್ಲಿದ್ದ ಕ್ಯಾನಿಗೆ ಬೆಂಕಿ ಹತ್ತಿದರೂ ಬಿಸಾಡುವುದು, ಒದೆಯುವುದು ಬೇಡ. ನೆಲಕ್ಕಿಟ್ಟು ಹಿಂದೆ ಸರಿಯಬೇಕು. ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲುತ್ತ ಬೆಂಕಿಯನ್ನು ಹರಡುತ್ತದೆ. ಒಣ ಪುಡಿಯ ಅಗ್ನಿಶಾಮಕ ಅಥವಾ ಒಣ ಮರಳು ಬಳಸಬೇಕು. ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನೆಲಕ್ಕೆ ಬಿದ್ದು ಹೊರಳಬೇಕು, ಸುಟ್ಟ ಜಾಗದ ಮೇಲೆ ತಣ್ಣೀರು ಹರಿಯಬಿಡಬೇಕು. ಅಗ್ನಿಶಾಮಕ ದಳದ ಸಂಖ್ಯೆ 101, ಎಲ್ಲ ತುರ್ತು ಸೇವೆಗಳಿಗೂ 112.